ಏಟಿಗೆ ಏಟು ಕೊಡುವವಳು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸುಳ್ಳು ಹೊಡೆದಾಟ ಸಾಕಾಗಿಹೋಗಿತ್ತು. ಹನ್ನೆರಡು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಬೆಟ್ಟದೂರು ಎಲ್ ಆಲ್ತೊದ ಕ್ರೀಡಾಮಂದಿರದಲ್ಲಿ ನೆರಿಗೆ ಲಂಗ ತೊಟ್ಟು, ಎರಡು ಜಡೆ ಇಳಿಬಿಟ್ಟು ಕುಸ್ತಿ ಆಡಿದವಳು ನಾನು. ಮನೆಯಲ್ಲಿ ಸಬಿನಾ, ಕಣದಲ್ಲಿ ಇಲ್ಲಿಮಾನಿ ರಾಣಿ; ಇಲ್ಲಿಮಾನಿ ಎಂದರೆ ನಮ್ಮೂರಿಗೆ ಕಾಣುವ ಹಿಮಪರ್ವತ. ರಾಣಿ ಎಂದರೆ ಒಳ್ಳೆಯವಳು. ನನ್ನೆದುರಿನ ಕೆಟ್ಟವಳು ಕಸಿಲ್ದಾ. ಅವಳ ಕಣದ ಹೆಸರು ಲೊಕೊಟೊ, ಅಂದರೆ ನಮ್ಮ ಕಡೆಯ ಮಹಾ ಖಾರದ ಮೆಣಸಿನಕಾಯಿ. ಅವಳು ಹಿಂದಿನಿಂದ ಬಂದು ಒದೆಯುತ್ತಾಳೆ, ನನ್ನ ಕಣ್ಣಿಗೆ ಮಣ್ಣೆರಚುತ್ತಾಳೆ, ಮುಂದಿನ ಸಾಲಿನ ಪ್ರವಾಸಿಗಳ ಮೇಲೆ ಬಾಯಿ ತುಂಬ ನೀರು ಉಗುಳುತ್ತಾಳೆ, ಕೊನೆಗೆ ನನ್ನ ಕೈಯಲ್ಲಿ ಸೋತು ಗೋಳೋ ಎಂದು ಅಳುತ್ತಾಳೆ. ಯಾರು ಗೆಲ್ಲಬೇಕೆಂದು ಯಜಮಾನ ಸೆವೆರೊ ಶುಕ್ರವಾರವೇ ಹೇಳಿರುತ್ತಾನೆ. ನಮ್ಮಿಬ್ಬರ ವಿಷಯದಲ್ಲಿ ಹೇಳುವುದನ್ನೂ ಬಿಟ್ಟುಬಿಟ್ಟಿದ್ದ.

ಕಣದಿಂದ ಇಳಿದರೆ ಕಸಿಲ್ದಾ ನನ್ನ ಮಗಳಿಗೆ ಧರ್ಮತಾಯಿ. ದೀಕ್ಷಾಸ್ನಾನದ ದಿನ ಇಗರ್ಜಿಯಲ್ಲಿ ಮಗುವನ್ನು ಎತ್ತಿ ಹಿಡಿದವಳು ಅವಳೇ. ಒಡಹುಟ್ಟಿದವರಿಗಿಂತ ಹೆಚ್ಚು ನಾವು. ನನ್ನ ಬಾಯಿ ಸರಿಯಿಲ್ಲ, ಊರಿಗೇ ಗೊತ್ತು. ಆ ಬಾಯಿಯನ್ನು ಹನ್ನೆರಡು ವರ್ಷ ಸಹಿಸಿದವಳು ಅವಳೊಬ್ಬಳೇ.

ಆ ಹನ್ನೆರಡನೆಯ ವರ್ಷ ನನ್ನ ಮೊಣಕಾಲು ಬನ್ನಿನ ಹಾಗೆ ಊದಿಕೊಂಡು ಒಂದೂವರೆ ತಿಂಗಳು ಕುಸ್ತಿ ನಿಂತಿತು. ಮನೆಯಲ್ಲಿ ಕೂತು ಲಂಗಗಳ ಅಂಚು ಹೊಲಿದು ಹೊಲಿದು ತಲೆ ಕೆಟ್ಟಾಗ, ನಮ್ಮ ಬೀದಿಯ ಮೂಲೆಯ ಇಂಟರ್ನೆಟ್ ಅಂಗಡಿಗೆ ಹೋಗಿ ಆಟಕ್ಕೆ ಕೂತೆ. ಆಟದ ಹೆಸರು 'ಏಳು ಕಣಿವೆ'. ಹತ್ತಾರು ದೇಶದ ಜನ ಒಂದೇ ಸಲ ಆಡುವ ಲೋಕ ಅದು. ಗೋಡೆ ಕಟ್ಟಿದ ಊರುಗಳಿವೆ, ಗೋಡೆಯಾಚೆ ಮುಗಿಯದ ಬಯಲು. ಬಯಲಲ್ಲಿ ತೋಳ, ರಾಕ್ಷಸ ಕಪ್ಪೆ, ಕಲ್ಲುಬೆನ್ನಿನ ಗೂಳಿ. ಸತ್ತರೆ ಊರಬಾಗಿಲ ಬಾವಿಯ ಹತ್ತಿರ ಮತ್ತೆ ಹುಟ್ಟುತ್ತೀರಿ. ನಾನು ಈಟಿ ಹಿಡಿದ ಹೆಂಗಸೊಬ್ಬಳನ್ನು ಆರಿಸಿಕೊಂಡೆ. ಮೊದಲ ವಾರ ತೋಳ ಕಂಡರೆ ಓಡುತ್ತಿದ್ದೆ. ಮೂರನೆಯ ವಾರಕ್ಕೆ ನನ್ನನ್ನು ಕಂಡರೆ ತೋಳವೇ ಸಾಯುತ್ತಿತ್ತು.

ಅಲ್ಲಿಂದ ಶುರುವಾಯಿತು ನನ್ನ ತಲೆಬೇನೆ. ಎಲ್ಲವೂ ಎರಡು ಏಟಿಗೆ ಬೀಳುತ್ತವೆ. ಇದೆಂಥ ಹೊಡೆದಾಟ? ಆಡುವವರೆಲ್ಲ ಒಬ್ಬರಿಗೊಬ್ಬರು ಬರೆದು ಮಾತಾಡುವ ಚಾಟ್ ಪಟ್ಟಿಯಲ್ಲಿ ಕೇಳಿಯೇ ಬಿಟ್ಟೆ: "ಈ ಬಯಲಲ್ಲಿ ಬೆವರು ಇಳಿಸೋ ಹೊಡೆದಾಟ ಎಲ್ಲಿ ಸಿಗುತ್ತೆ?"

ಗುವಾಯಾಕಿಲ್ ಎಂಬ ದೂರದೂರಿನವನೊಬ್ಬ ಬರೆದ: "ಕವಚ ಬಿಚ್ಚಿಟ್ಟು ಹೋಗಿ ತಾಯೀ."

ಮತ್ತೊಬ್ಬ ಬರೆದ: "ಮದುವೆ ಮಾಡ್ಕೊಳ್ಳಿ."

"ಅದೂ ಆಯ್ತಪ್ಪ," ಎಂದು ಬರೆದೆ. "ಅವನೂ ಎರಡೇಟಿಗೇ ಬಿದ್ದ."

ಕವಚ ಬಿಚ್ಚಿಟ್ಟೆ. ಒಳ್ಳೆಯ ಈಟಿ ಬಿಟ್ಟು ಮರದ ಕೋಲು ಹಿಡಿದೆ. ನನ್ನ ಯೋಗ್ಯತೆಗೆ ಮೀರಿದ ಐದನೆಯ ಕಣಿವೆಗೆ ಹೋದೆ. ಕಲ್ಲುಬೆನ್ನಿನ ಗೂಳಿ ಒಂದು ಇಡೀ ಮಧ್ಯಾಹ್ನ ನನ್ನನ್ನು ಹದಿನಾರು ಸಲ ಕೊಂದಿತು. ನನಗೆ ಹಬ್ಬದಷ್ಟು ಖುಷಿ. ಆದರೆ ಹದಿನೇಳನೆಯ ಸಲಕ್ಕೆ ಗುಟ್ಟು ಗೊತ್ತಾಯಿತು. ಗೂಳಿ ಎಡಗಾಲು ಎತ್ತಿದರೆ ಬಲಕ್ಕೆ ನುಗ್ಗುತ್ತದೆ, ಬಾಲ ಬೀಸಿದರೆ ಹಿಂದಕ್ಕೆ ಒದೆಯುತ್ತದೆ. ಪ್ರತಿ ಸಲವೂ ಅದೇ. ಅದಕ್ಕೂ ಒಬ್ಬ ಸೆವೆರೊ ಇದ್ದಾನೆ, ಶುಕ್ರವಾರವೇ ಎಲ್ಲ ಹೇಳಿಕೊಟ್ಟಿದ್ದಾನೆ. ಅವತ್ತು ಅಂಗಡಿಯಿಂದ ಹೊರಬಂದಾಗ ಯಾರೋ ನನ್ನ ಜೇಬಿಗೆ ಕೈ ಹಾಕಿದ ಹಾಗಾಗಿತ್ತು.

ಕೊನೆಗೆ ತಿಳಿದದ್ದು ಇಷ್ಟು: ಮೃಗಗಳಿಂದ ಆಗುವುದಿಲ್ಲ, ಎದುರಿಗೆ ಮನುಷ್ಯರೇ ಬೇಕು. ಆಟದಲ್ಲಿ ಗಡಿಗಂಬ ದಾಟಿದರೆ ಆಡುವವರು ಒಬ್ಬರನ್ನೊಬ್ಬರು ಹೊಡೆಯಬಹುದು. ಅಲ್ಲಿಗೆ ಕಸಿಲ್ದಾಳನ್ನು ಕರೆದೊಯ್ದೆ. ಅವಳು ಸಂತೆಯಲ್ಲಿ ಒಣ ಆಲೂಗಡ್ಡೆ ಮಾರುವವಳು, ಗುರುವಾರ ಬಿಡುವು. ಆಟದಲ್ಲಿ ಯಾರಾಗುತ್ತೀಯೆಂದು ಕೇಳಿದರೆ ಉದ್ದ ಗಡ್ಡದ ಮುದುಕನನ್ನು ಆರಿಸಿದಳು.

"ಮುದುಕ ಯಾಕೇ?"

"ನಲವತ್ತೊಂಬತ್ತು ವರ್ಷ ಹೆಂಗಸಾಗಿ ಸಾಕಾಗಿದೆ ಕಣೇ. ಇಲ್ಲಾದ್ರೂ ಗಡ್ಡ ಇರ್ಲಿ."

ಮೊಣಕಾಲು ವಾಸಿಯಾಗಿ ಇಬ್ಬರೂ ಕಣಕ್ಕೆ ಮರಳಿದಮೇಲೂ ಬಿಡದೆ, ಒಟ್ಟು ಒಂದು ತಿಂಗಳು ಕಲಿಸಿದೆ. ಐದನೆಯ ಗುರುವಾರ ಗಡಿಗಂಬದಾಚೆ ಆ ಗಡ್ಡದ ಮುದುಕ ನನ್ನನ್ನು ಕೊಂದ. ಬಾವಿಯ ಹತ್ತಿರ ಹುಟ್ಟಿ ಓಡಿಬಂದೆ, ಮತ್ತೆ ಕೊಂದ. ಅವತ್ತು ಒಟ್ಟು ಒಂಬತ್ತು ಸಲ. ಅವಳು ಯಾವ ಕಡೆಗೆ ಬೀಸುತ್ತಾಳೆ ಎಂದು ಕೊನೆಗೂ ಗೊತ್ತಾಗಲಿಲ್ಲ. ನಾನು ಬಯಸಿದ್ದು ಸಿಕ್ಕಿತ್ತು. ಹಾಗಿದ್ದಮೇಲೆ ಖುಷಿಪಡಬೇಕಿತ್ತು, ಅಲ್ಲವೇ? ಕೀಲಿಮಣೆಯನ್ನು ಮುಂದಕ್ಕೆ ತಳ್ಳಿ ಎದ್ದುಬಿಟ್ಟೆ.

ಅಂಗಡಿಯ ಮುಂದೆ ಇಬ್ಬರೂ ಬಿಸಿ ಆಪಿ ಕುಡಿಯುತ್ತ ನಿಂತಿದ್ದೆವು. ಕೆನ್ನೀಲಿ ಜೋಳದ ಆ ಗಂಜಿಯನ್ನು ಊದುತ್ತ ಕಸಿಲ್ದಾ ಅಂದಳು, "ಯಾಕೇ ಮೋರೆ ಹಾಗೆ ಮಾಡ್ಕೊಂಡಿದ್ದೀಯ, ಹುಳಿ ಕಿತ್ತಳೆ ತಿಂದೋಳ ಥರ? ನಾನು ಹನ್ನೆರಡು ವರ್ಷದಿಂದ ನಿನ್ನ ಕೈಲಿ ಒದೆ ತಿಂತಿಲ್ವಾ?"

"ಅದು ಸುಳ್ಳು ಒದೆ."

"ಹೌದಾ? ಬೀಳೋಳಿಗೆ ಗೊತ್ತು, ಎಷ್ಟು ಸುಳ್ಳು ಅಂತ."

ನಗುತ್ತಲೇ ಅಂದಳು. ನನಗೆ ಮಾತ್ರ ರಾತ್ರಿಯೆಲ್ಲ ಅದೇ. ನಿಜವಾಗಿ ಹೊಡೆದಾಡಿದರೆ ಇವಳು ನನ್ನನ್ನು ಒಂಬತ್ತು ಸಲ ಮಲಗಿಸುತ್ತಾಳೆ. ಹಾಗಾದರೆ ನಾನು ಯಾವ ರಾಣಿ?

ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿ ಹೇಳಬೇಕು. ಎದುರಾಳಿಯನ್ನು ಭುಜದ ಮೇಲೆ ಎತ್ತಿದಾಗ ಅವಳ ಮಣಿಕಟ್ಟನ್ನು ಒಮ್ಮೆ ಒತ್ತುತ್ತೇವೆ. ಸಿದ್ಧವೇ ಎಂದು ಕೇಳಿದ ಹಾಗೆ. ಅವಳು ತಿರುಗಿ ಒತ್ತಿದಮೇಲೆಯೇ ಎಸೆಯುವುದು. ಗದ್ದ ಎದೆಗೆ ಒತ್ತಿಕೊಂಡು, ಉಸಿರು ಬಿಟ್ಟು ಬೀಳುವುದಕ್ಕೆ ಅವಳಿಗೆ ಅಷ್ಟು ಸಮಯ ಬೇಕು. ಹೊಸಬರಿಗೆ ಎಲ್ಲಕ್ಕಿಂತ ಮೊದಲು ಕಲಿಸುವುದು ಇದನ್ನು. ಆ ಭಾನುವಾರ ನಾನು ಕಸಿಲ್ದಾಳನ್ನು ಎತ್ತಿದೆ. ಕಿವಿಯಲ್ಲಿ ಒಂಬತ್ತು ಎಂಬ ಲೆಕ್ಕ ಗುಂಯ್‌ಗುಡುತ್ತಿತ್ತು. ಮಣಿಕಟ್ಟು ಒತ್ತಿದೆನೋ ಇಲ್ಲವೋ, ಅವಳು ತಿರುಗಿ ಒತ್ತುವವರೆಗೆ ಕಾಯಲಿಲ್ಲ. ಎಸೆದೆ.

ಕಣದ ಹಲಗೆ ಬೇರೆಯೇ ಸದ್ದು ಮಾಡಿತು. ಜನ ಎದ್ದು ನಿಂತು ಕೂಗಿದರು. ಕಸಿಲ್ದಾ ಏಳುವುದಕ್ಕೆ ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಳು, ಆಮೇಲೆ ಎದ್ದು ಎಂದಿನಂತೆ ಅತ್ತಳು. ಒಳಗೆ ಬಂದಮೇಲೆ "ಕೈ ಜಾರಿತು ಕಣೇ" ಅಂದೆ. "ಗೊತ್ತು ಬಿಡು" ಅಂದಳು. ಅಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಕ್ಷಮಿಸು ಎನ್ನುವ ಮಾತು ನನ್ನ ಬಾಯಿಂದ ಹೊರಡಲಿಲ್ಲ, ಅದಕ್ಕೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಮಾರನೆಯ ಸೋಮವಾರ ಸೆವೆರೊ ನಮ್ಮಿಬ್ಬರನ್ನೂ ಕರೆಸಿದ. ಜನ ಕಡಿಮೆಯಾಗುತ್ತಿದ್ದಾರೆ, ಏನಾದರೂ ದೊಡ್ಡದು ಬೇಕು ಎಂದ.

"ಜಡೆ ಪಂದ್ಯ ಇಡ್ತೀನಿ. ಸೋತೋಳ ಜಡೆಗಳನ್ನ ಗೆದ್ದೋಳು ಕಣದಲ್ಲೇ ಕತ್ತರಿಸ್ಬೇಕು. ಎರಡು ವಾರ ಬಿಟ್ಟು, ಭಾನುವಾರ. ಅಲ್ಲಿವರೆಗೆ ನೀವಿಬ್ರೂ ಕಣ ಹತ್ಬೇಡಿ."

"ಉಣ್ಣೆ ಜಡೆ ಕಟ್ಕೊಂಡ್ರೆ ಆಗುತ್ತಲ್ಲ ಯಜಮಾನ್ರೇ," ಅಂದೆ.

"ಪಕ್ಕದ ಬಡಾವಣೆಯೋರು ಉಣ್ಣೆ ಕಟ್ಟಿ ಏನಾಯ್ತು? ಕತ್ತರಿ ಹಾಕೋ ಮೊದ್ಲೇ ಕಳಚಿ ಬಿತ್ತು, ಜನ ಸಿಪ್ಪೆ ಎಸೆದ್ರು. ನನಗೆ ನಿಜವಾದ ಕೂದಲೇ ಬೇಕು. ಯಾರು ಸೋಲೋದು ಅಂತ ನಾನೇನೂ ಹೇಳ್ಬೇಕಾಗಿಲ್ಲ, ಅಲ್ವಾ?" ಎಂದು ಕಸಿಲ್ದಾಳ ಕಡೆ ನೋಡಿದ.

"ಹೇಳಿದ್ರೂ ಆಗಲ್ಲ," ಎಂದಳು ಕಸಿಲ್ದಾ. "ಹನ್ನೆರಡು ವರ್ಷ ನೀವು ಹೇಳ್ದಾಗೆಲ್ಲ ಬಿದ್ದಿದ್ದೀನಿ. ನೀವು ಹೇಳಿದ್ರಿ ಅಂತ ಜಡೆ ಕೊಡಲ್ಲ."

ಜಡೆ ಎಂದರೆ ನಮಗೆ ಬರೀ ಕೂದಲಲ್ಲ. ಟೊಪ್ಪಿಗೆ, ಶಾಲು, ನೆರಿಗೆ ಲಂಗ ಯಾರು ಬೇಕಾದರೂ ಕೊಂಡು ತೊಡಬಹುದು, ಜಡೆ ಬೆಳೆಸಬೇಕು. ಸಂತೆಯಲ್ಲಿ ಕಳ್ಳಿಯೊಬ್ಬಳು ಸಿಕ್ಕಿಬಿದ್ದರೆ ಹೆಂಗಸರು ಮೊದಲು ಕತ್ತರಿ ತರುತ್ತಾರೆ. ಮೋಟು ಕೂದಲಿನವಳು ನಾಳೆ ಸಂತೆಯಲ್ಲಿ ಕೂತು ಆಲೂಗಡ್ಡೆ ಮಾರಿದರೆ, ನೋಡಿದವರೆಲ್ಲ ಅವಳು ಏನು ಕದ್ದಳೋ ಎಂದುಕೊಳ್ಳುತ್ತಾರೆ. ನಾನೂ ಕೊಡುವುದಿಲ್ಲ ಅಂದೆ. ಸೆವೆರೊ ಕೈಯೆತ್ತಿಬಿಟ್ಟ. ಶುಕ್ರವಾರದೊಳಗೆ ನೀವೇ ತೀರ್ಮಾನಿಸಿ, ಇಲ್ಲವಾದರೆ ಇಬ್ಬರೂ ಮನೆಗೆ ಹೋಗಿ, ಹುಡುಗಿಯರು ಸಾಲು ನಿಂತಿದ್ದಾರೆ ಎಂದ.

ಕೇಬಲ್ ಕಾರಿನಲ್ಲಿ ವಾಪಸ್ಸು ಬಂದೆವು. ಇಳಿಯುವ ಹೊತ್ತಿಗೆ ಕಸಿಲ್ದಾ ಅಂದಳು, "ಕಣದಲ್ಲಿ ನಿಜವಾಗಿ ಹೊಡೆದಾಡಿದ್ರೆ ಯಾರಾದ್ರೂ ಒಬ್ಬಳು ಸಾಯ್ತೀವಿ. ಬಯಲಲ್ಲಿ ಆಡೋಣ. ಗಡಿಗಂಬದಾಚೆ. ಕವಚ ಬೇಡ, ಒಂದೇ ಆಯುಧ, ಒಂದೇ ಸಲ. ಅಲ್ಲಿ ಸತ್ತೋಳು ಭಾನುವಾರ ಜಡೆ ಕೊಡ್ಲಿ."

"ನೀನು ನನ್ನ ಒಂಬತ್ತು ಸಲ ಕೊಂದಿದ್ದೀಯ."

"ಹತ್ತನೇದು ಯಾರ್ದು ಅಂತ ಯಾರಿಗೆ ಗೊತ್ತು? ಅಲ್ಲಿ ಸೆವೆರೊ ಇಲ್ವಲ್ಲ."

ಒಪ್ಪಿದೆ. ಆ ಮೂರು ದಿನ ಲಂಗಗಳ ಹೊಲಿಗೆ ಬದಿಗಿಟ್ಟು, ಬಯಲಲ್ಲಿ ಸಿಕ್ಕವರನ್ನೆಲ್ಲ ಕೆಣಕಿ ಹೊಡೆದಾಡಿದೆ, ಸತ್ತೆ, ಕಲಿತೆ. ಜಡೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಭಯ ಅಂದರೆ ಭಯ.

ಗುರುವಾರ ನಾಲ್ಕು ಗಂಟೆಗೆ ಅಂಗಡಿಯಲ್ಲಿ ಎದುರುಬದುರು ಸಾಲಿನಲ್ಲಿ ಕೂತೆವು. ನಡುವೆ ಹಲಗೆಯ ತಡಿಕೆ. ಅವಳ ಟೊಪ್ಪಿಗೆಯ ತುದಿ ಮಾತ್ರ ನನಗೆ ಕಾಣುತ್ತಿತ್ತು. ಕೂರುವ ಮೊದಲು ಅವಳು ಬಲಗೈಯನ್ನು ಲಂಗಕ್ಕೆ ಗಸಗಸ ಉಜ್ಜಿಕೊಂಡದ್ದು ನೋಡಿದೆ. ಚಳಿ ಇತ್ತು, ಎಲ್ಲರೂ ಕೈ ಉಜ್ಜುತ್ತಿದ್ದರು.

ಬಯಲಲ್ಲಿ ಹುಲ್ಲು ಬಾಗುತ್ತಿತ್ತು. ಮುದುಕ ಕೋಲು ಹಿಡಿದು ಬಂದ. ಅಂಥ ಹೊಡೆದಾಟ ನನ್ನ ಜನ್ಮದಲ್ಲಿ ಆಡಿರಲಿಲ್ಲ. ನಾನು ಚುಚ್ಚುವ ಕಡೆ ಅವನಿಲ್ಲ, ನಾನು ತಿರುಗುವಷ್ಟರಲ್ಲಿ ಬೆನ್ನಿಗೆ ಏಟು. ಅವನ ಜೀವ ಅರ್ಧ ಇಳಿದಾಗ ನನ್ನದು ಕಾಲುಭಾಗ ಉಳಿದಿತ್ತು. ಬೆವರು ಕಣ್ಣಿಗಿಳಿಯುತ್ತಿತ್ತು. ಇನ್ನೊಂದೇ ಏಟು, ಮುಗಿಯಿತು ನನ್ನ ಕಥೆ ಎನ್ನುವಾಗ ಮುದುಕ ಕೋಲೆತ್ತಿ ಸುಮ್ಮನೆ ನಿಂತುಬಿಟ್ಟ.

ಕಣದಲ್ಲಾದರೆ ಎದುರಿನವಳು ಹೀಗೆ ನಿಂತರೆ ನಾವು ಹೊಡೆಯುವುದಿಲ್ಲ. ಏನೋ ಆಗಿದೆ ಎಂದು ಅರ್ಥ. ಅಪ್ಪಿ ಹಿಡಿದಂತೆ ಮಾಡಿ ಕಿವಿಯಲ್ಲಿ ಕೇಳುತ್ತೇವೆ. ನನ್ನ ಬೆರಳೂ ನಿಂತಿತು. ಎಷ್ಟು ಹೊತ್ತು? ಒಂದು ಉಸಿರಿನಷ್ಟು. ಆಮೇಲೆ ಇದು ಕಣವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ, ಚುಚ್ಚಿದೆ. ಮೂರು ಸಲ ಚುಚ್ಚಿದೆ. ಮುದುಕ ಹುಲ್ಲಿನ ಮೇಲೆ ಬಿದ್ದ.

ತಡಿಕೆಯ ಆಚೆಯಿಂದ ಕಸಿಲ್ದಾ ಎದ್ದಳು. ಬಲಗೈ ಶಾಲಿನೊಳಗಿತ್ತು. "ಗೆದ್ದೆ ಕಣೇ," ಎಂದಳು. "ಸೆವೆರೊಗೆ ನೀನೇ ಹೇಳು." ಹೆದರಿ ನಿಂತಳು, ಅಷ್ಟೇ ಎಂದುಕೊಂಡೆ. ಮನೆಗೆ ಹೋಗಿ ಮಗಳ ಮುಂದೆ ಜಂಬ ಕೊಚ್ಚಿಕೊಂಡೆ: ನಿಜವಾದ ಹೊಡೆದಾಟದಲ್ಲೂ ಗೆದ್ದೆ ನೋಡು, ಯಾರೂ ಬಿಟ್ಟುಕೊಟ್ಟದ್ದಲ್ಲ. ಮಗಳು ತಟ್ಟೆಯಿಂದ ತಲೆಯೆತ್ತದೆ ಕೇಳಿದಳು, "ಧರ್ಮತಾಯಿ ಅತ್ರಾ?" ನಾನು ಕಸಿಲ್ದಾಳ ಮುಖವನ್ನೇ ನೋಡಿರಲಿಲ್ಲ.

ಪಂದ್ಯದ ಭಾನುವಾರ ಕ್ರೀಡಾಮಂದಿರ ತುಂಬಿ ತುಳುಕುತ್ತಿತ್ತು. ಉಡುಪು ಬದಲಿಸುವ ಕೋಣೆಯಲ್ಲಿ ನಾವಿಬ್ಬರೇ. ಕಸಿಲ್ದಾ ಕೂದಲು ಬಿಚ್ಚಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಸೊಂಟದ ಕೆಳಗಿನವರೆಗೆ ಇಳಿದಿತ್ತು, ಅಲ್ಲಲ್ಲಿ ಬಿಳಿ.

"ಬಾಚಿ ಜಡೆ ಹಾಕ್ಕೊಡು," ಎಂದಳು.

"ನೀನೇ ಹಾಕ್ಕೋ. ನಂದೇ ಇನ್ನೂ ಮುಗ್ದಿಲ್ಲ."

"ನನ್ನ ಕೈಲಿ ಆಗಲ್ಲ ಸಬಿನಾ. ಬಲಗೈ ಮಾತು ಕೇಳ್ತಿಲ್ಲ."

ಬಾಚಣಿಗೆ ಹಿಡಿದು ನಿಂತೇ ಇದ್ದೆ. ಅವಳು ಕನ್ನಡಿ ನೋಡಿಕೊಂಡೇ ಹೇಳಿದಳು. ಒಮ್ಮೆ ಸರಿಯಿರುತ್ತದೆ, ಒಮ್ಮೆ ಮೊಣಕೈಯಿಂದ ಕೆಳಗೆ ಮರದ ತುಂಡು. ಡಾಕ್ಟರು ಕತ್ತಿನ ನರ ಅಂದಿದ್ದಾರೆ. ಇನ್ನು ಕಣ ಹತ್ತಬೇಡ ಅಂದಿದ್ದಾರೆ. ಇವತ್ತಿನದು ಕೊನೆಯದು.

"ಯಾವಾಗಿಂದ?"

ಅವಳು ಎಡಗೈಯಿಂದ ನನ್ನ ಮಣಿಕಟ್ಟನ್ನು ಒಮ್ಮೆ ಒತ್ತಿದಳು. ಹಲಗೆಯ ಆ ಸದ್ದು ನನಗೆ ಕೇಳಿಸಿತು. ಬಯಲಲ್ಲಿ ಕೋಲೆತ್ತಿ ನಿಂತ ಮುದುಕ ಕಾಣಿಸಿದ. ಸುಳ್ಳು ಹೊಡೆದಾಟದಲ್ಲಿ ನಿಜವಾಗಿ ಹೊಡೆದಿದ್ದೆ, ಆ ಏಟಿನಿಂದಲೇ ನಿಜವಾದ ಹೊಡೆದಾಟ ಗೆದ್ದಿದ್ದೆ. ಅವಳ ಪಕ್ಕದಲ್ಲಿ ಕೂತೆ.

"ಅವತ್ತು ಅಂಗಡೀಲಿ ಯಾಕೆ ಹೇಳ್ಲಿಲ್ಲ? ನಿಲ್ಲಿಸು ಅನ್ನಬಹುದಿತ್ತಲ್ಲ, ಪಾಪಿ."

"ಹೇಳೋಣ ಅಂದ್ಕೊಂಡೆ. ನೀನು ನಿಲ್ತೀಯೇನೋ ಅಂತ ನೋಡ್ದೆ."

ಅದಕ್ಕಿಂತ ಅವಳು ನನ್ನ ಮುಖಕ್ಕೆ ಉಗಿದಿದ್ದರೆ ಚೆನ್ನಾಗಿತ್ತು. "ಇವತ್ತು ನಾನು ಸೋಲ್ತೀನಿ," ಅಂದೆ. "ನನ್ನ ಜಡೆ ಕತ್ತರಿಸು. ಸೆವೆರೊ ಏನಾದ್ರೂ ಮಾಡ್ಕೊಳ್ಲಿ."

"ಹೇಗೆ ಸೋಲ್ತೀಯ? ನಾನು ಗೆಲ್ಬೇಕು ಅಂದ್ರೆ ನಿನ್ನ ಎತ್ತಬೇಕು. ಈ ಕೈಲಿ ಎತ್ತಿದ್ರೆ ನಿನ್ನನ್ನ ತಲೆಕೆಳಗಾಗಿ ಬೀಳಿಸ್ತೀನಿ. ಆಮೇಲೆ ಇಬ್ರೂ ಒಂದೇ ಡಾಕ್ಟರ ಹತ್ರ ಹೋಗೋದು."

"ನಾನೇ ಜಾರಿ ಬೀಳ್ತೀನಿ."

"ಬೇಡ." ಮೊದಲ ಸಲ ಅವಳ ದನಿ ಗಟ್ಟಿಯಾಯಿತು. "ಹನ್ನೆರಡು ವರ್ಷದಲ್ಲಿ ಯಾರೂ ಹೇಳ್ಕೊಡದೆ ನಾನು ಸೋತಿದ್ದು ಅದೊಂದೇ. ಮಾತು ಕೊಟ್ಟು ಸೋತಿದ್ದೀನಿ. ಅದಕ್ಕೂ ಈಗ ನೀನು ಸುಳ್ಳು ಬೆರೆಸ್ಬೇಡ. ಬಾಚು, ಹೊತ್ತಾಯ್ತು. ಮತ್ತೆ ಕೇಳು, ಎತ್ತಿ ಹಾಕ್ಬೇಡ. ಕಾಲಿಗೆ ಕಾಲು ಕೊಡು ಸಾಕು, ನಾನೇ ಬೀಳ್ತೀನಿ."

ಬಾಚಿದೆ. ಮೂರು ಮೂರು ಎಳೆ ಮಾಡಿ ಎರಡು ಜಡೆ ಹೆಣೆದೆ, ಬಿಗಿಯಾಗಿ, ಹಬ್ಬಕ್ಕೆ ಹೆಣೆಯುವ ಹಾಗೆ. ತುದಿಗೆ ಕಪ್ಪು ಗೊಂಡೆ ಕಟ್ಟಿದೆ. ಕಣ್ಣು ಕಾಣದೆ ಎರಡು ಸಲ ಬಿಚ್ಚಿ ಹೆಣೆಯಬೇಕಾಯಿತು. ಹೊರಗೆ ಸೆವೆರೊ ಮೈಕಿನಲ್ಲಿ ನಮ್ಮ ಹೆಸರು ಕೂಗುತ್ತಿದ್ದ.

ಪಂದ್ಯದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಅವಳು ಹೇಳಿದ ಹಾಗೆ ಕಾಲು ಕೊಟ್ಟೆ, ಅವಳು ಬಿದ್ದಳು, ನಾನು ಮೇಲೆ ಒರಗಿದೆ, ಮೂರು ಎಣಿಸಿದರು. ಅವಳನ್ನು ಕಣದ ನಡುವೆ ಮಂಡಿಯೂರಿಸಿ ಸೆವೆರೊ ನನ್ನ ಕೈಗೆ ಕತ್ತರಿ ಕೊಟ್ಟ. ಹೆಣೆದ ಕೂದಲು ಸುಲಭಕ್ಕೆ ತುಂಡಾಗುವುದಿಲ್ಲ, ಹಗ್ಗ ಕತ್ತರಿಸಿದ ಹಾಗೆ ಅಗಿದು ಅಗಿದು ಕತ್ತರಿಸಬೇಕು. ಒಂದು ಬಂತು. ಇನ್ನೊಂದು ಬಂತು. ಮೇಲೆತ್ತಿ ತೋರಿಸಿದೆ. ಉಣ್ಣೆ, ಉಣ್ಣೆ ಎಂದು ಯಾರೋ ಹಿಂದಿನ ಸಾಲಿನಿಂದ ಕೂಗಿದರು, ನೂರಾರು ಜನ ನಕ್ಕರು.

ಲೊಕೊಟೊ ಈಗ ಗೋಳೋ ಎಂದು ಅಳಬೇಕು. ಜನ ಬರುವುದೇ ಅದಕ್ಕೆ. ಕಸಿಲ್ದಾ ಅಳಲಿಲ್ಲ. ಬದಿಯಲ್ಲಿದ್ದ ಟೊಪ್ಪಿಗೆ ತೆಗೆದುಕೊಳ್ಳುವುದಕ್ಕೆ ಬಲಗೈ ಚಾಚಿದಳು. ಬೆರಳು ಮಡಚಲಿಲ್ಲ. ಟೊಪ್ಪಿಗೆ ಜಾರಿತು. ಮತ್ತೆ ಚಾಚಿದಳು, ಮತ್ತೆ ಜಾರಿತು. ಇದೂ ಆಟದ ಭಾಗವೆಂದು ಜನ ಬಿದ್ದು ಬಿದ್ದು ನಗುತ್ತಿದ್ದರು.

ಕತ್ತರಿ ಬಿಸಾಡಿ ಬಗ್ಗಿದೆ. ಟೊಪ್ಪಿಗೆ ಎತ್ತಿ ಅವಳ ಮೋಟು ತಲೆಯ ಮೇಲಿಟ್ಟೆ. ನಗು ನಿಂತಿತು. ಆಮೇಲೆ ಎಲ್ಲ ಕಡೆಯಿಂದ ಶಿಳ್ಳೆ, ಬೈಗುಳ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಜನ ರಾಣಿಯನ್ನು ಬೈದರು. ಸೆವೆರೊ ಹಗ್ಗದ ಆಚೆಯಿಂದ ಏನೋ ಸನ್ನೆ ಮಾಡುತ್ತಿದ್ದ.

"ಏನೇ ಮಾಡ್ತಿದ್ದೀಯ," ಎಂದು ಕಸಿಲ್ದಾ ತುಟಿ ಅಲುಗಿಸದೆ ಅಂದಳು. "ನಾನು ಹೋದ್ಮೇಲೂ ನೀನು ಇಲ್ಲಿ ದುಡಿಯೋದು ಬೇಡ್ವಾ? ಟೊಪ್ಪಿಗೆ ಒದಿ."

"ಆಗಲ್ಲ."

"ಒದಿ ಸಬಿನಾ. ಜನ ನೋಡ್ತಿದ್ದಾರೆ."

ಒದ್ದೆ. ಟೊಪ್ಪಿಗೆ ಹಗ್ಗ ದಾಟಿ ಮೂರನೆಯ ಸಾಲಿನಲ್ಲಿ ಬಿತ್ತು. ಜನ ಕುರ್ಚಿಗಳ ಮೇಲೆ ಹತ್ತಿ ನನ್ನ ಹೆಸರು ಕೂಗಿದರು. ಕಸಿಲ್ದಾ ಎಡಗೈಯಿಂದ ತಲೆ ಮುಚ್ಚಿಕೊಂಡು, ಆಗ, ಗೋಳೋ ಎಂದು ಅತ್ತಳು. ಹನ್ನೆರಡು ವರ್ಷದಿಂದ ಕೇಳಿದ ಅಳು ಅದು, ಆದರೂ ಈ ಸಲದ್ದು ಸುಳ್ಳೋ ನಿಜವೋ ನನಗೆ ಗೊತ್ತಾಗಲಿಲ್ಲ.